ಓಡುವಾಗ ಉಸಿರಿಗೆ ಬೀಪ್ ಹಾಕ್ಕೊಂಡೆ, ಏದುಸಿರು ಇನ್ನೂ ಜಾಸ್ತಿ ಆಯ್ತು. ಎಲ್ಲಿ ತಪ್ತಿದೀನಿ?

ನಿಧಾನಿ · ಸೋಮವಾರ, ಬೆಳಿಗ್ಗೆ 7:12

ಎಲ್ಲರಿಗೂ ನಮಸ್ಕಾರ. ಓಡೋಕೆ ಶುರು ಮಾಡಿ ಏಳು ತಿಂಗಳಾಯ್ತು. ಕಾಲಿನ ತಕರಾರು ಏನೂ ಇಲ್ಲ, ಮೊಣಕಾಲು ಗಟ್ಟಿಯಾಗೇ ಇದೆ. ತಕರಾರು ಇರೋದು ಉಸಿರಿಂದು. ಎರಡನೇ ಕಿಲೋಮೀಟರ್ ಮುಗಿಯೋಷ್ಟರಲ್ಲಿ ಬಾಯಿ ತೆರ್ಕೊಂಡು ಏದುಸಿರು ಬಿಡ್ತಿರ್ತೀನಿ. ಮುಂದೆ ಹೋಗ್ತಿರೋರು ಹಿಂದೆ ಯಾರಿಗೇನಾಯ್ತೋ ಅಂತ ತಿರುಗಿ ನೋಡ್ತಾರೆ. ಅಷ್ಟು ಸದ್ದು.

ಮೂರು ಹೆಜ್ಜೆಗೆ ಉಸಿರು ಒಳಗೆ, ಎರಡು ಹೆಜ್ಜೆಗೆ ಹೊರಗೆ ಅಂತ ಒಬ್ರು ಹೇಳ್ಕೊಟ್ರು. ಮನಸ್ಸಲ್ಲೇ ಎಣಿಸೋಕೆ ಹೋದ್ರೆ ಮೂರನೇ ನಿಮಿಷಕ್ಕೆ ಲೆಕ್ಕ ಎಲ್ಲೋ, ನಾನೆಲ್ಲೋ. ಅದಕ್ಕೇ ಫೋನಿಗೆ ಉಸಿರಾಟದ ಆ್ಯಪ್ ಒಂದು ಹಾಕ್ಕೊಂಡೆ. ಸ್ವರ ಏರ್ತಾ ಹೋದಾಗ ಎಳ್ಕೋಬೇಕು, ಇಳೀತಾ ಬಂದಾಗ ಬಿಡ್ಬೇಕು. ನಿಮಿಷಕ್ಕೆ 30 ಉಸಿರು ಅಂತ ಇಟ್ಟೆ.

ಮನೇಲಿ ಕೂತು ಮಾಡಿದಾಗ ಸ್ವರ್ಗ. ಓಡೋಕೆ ಹೋದ್ರೆ ಸ್ವರ ಏರಿಗೆಳೆದ್ರೆ ಕಾಲು ನೀರಿಗೆಳೀತು. ಒಂದೊಂದ್ಸಲ ಎರಡೂ ಸರಿಯಾಗಿ ಕೂಡಿ ಬರುತ್ತೆ, ಹಾ ಸಿಕ್ತು ಅನ್ಕೊಳ್ಳೋಷ್ಟರಲ್ಲಿ ಜಾರಿ ಹೋಗುತ್ತೆ. ಮತ್ತೆ ಬರುತ್ತೆ, ಮತ್ತೆ ಹೋಗುತ್ತೆ. ನಿನ್ನೆ ಎದೆ ಬಿಗಿದ ಹಾಗಾಗಿ ಸಿಟ್ಟಲ್ಲಿ ಕಿವಿಯಿಂದ ಕಿತ್ತು ಜೇಬಿಗೆ ತುರುಕಿದೆ. ಇದು ನನ್ನ ತಪ್ಪಾ, ಆ್ಯಪಿನ ತಪ್ಪಾ?

ಹೆಜ್ಜೆಲೆಕ್ಕ · ಸೋಮವಾರ, ಬೆಳಿಗ್ಗೆ 7:40

ನಿಮ್ಮ ಹೆಜ್ಜೆ ನಿಮಿಷಕ್ಕೆ ಎಷ್ಟು ಬೀಳುತ್ತೆ? ಅದು ಗೊತ್ತಿಲ್ಲದೆ ಬೀಪಿನ ಮಾತೇ ಬೇಡ. ಆರಾಮಾಗಿ ಓಡ್ತಾ 15 ಸೆಕೆಂಡಲ್ಲಿ ಬಲಗಾಲು ಎಷ್ಟು ಸಲ ನೆಲ ಮುಟ್ಟುತ್ತೆ ಎಣಿಸಿ, ಎಂಟರಿಂದ ಗುಣಿಸಿ.

ಹಳೇ ಶೂ · ಸೋಮವಾರ, ಬೆಳಿಗ್ಗೆ 8:05

ಇಪ್ಪತ್ತೆರಡು ವರ್ಷದಿಂದ ಓಡ್ತಿದೀನಿ. ಉಸಿರಿಗೆ ಸದ್ದು ಕೇಳಿಸ್ಕೊಂಡು ಓಡಿದ್ದು ಒಂದು ದಿನವೂ ಇಲ್ಲ. ದೇಹಕ್ಕೆ ಎಷ್ಟು ಗಾಳಿ ಬೇಕು ಅಂತ ದೇಹಕ್ಕೆ ಗೊತ್ತು. ನೀವು ಮಲಗಿದಾಗ ಉಸಿರು ಎಣಿಸೋಕೆ ಯಾರನ್ನಾದ್ರೂ ಕೂರಿಸ್ಕೋತೀರಾ? ವೇಗ ಕಡಿಮೆ ಮಾಡಿ, ಮಾತಾಡ್ತಾ ಓಡೋಕೆ ಆಗೋಷ್ಟು ನಿಧಾನ. ಏಳು ತಿಂಗಳಿಗೇ ಎರಡನೇ ಕಿಲೋಮೀಟರಲ್ಲಿ ಏದುಸಿರು ಬರ್ತಿದೆ ಅಂದ್ರೆ ನೀವು ಓಡ್ತಿರೋದೇ ಜೋರು. ಹೆಸರು ಮಾತ್ರ ನಿಧಾನಿ.

ನಿಧಾನಿ · ಸೋಮವಾರ, ಸಂಜೆ 6:50

@ಹೆಜ್ಜೆಲೆಕ್ಕ, ಎಣಿಸಿದೆ. ಬಲಗಾಲು 21. ಅಂದ್ರೆ 168.

@ಹಳೇ ಶೂ, ಅಣ್ಣಾ, ಹೆಸರಿನ ಮಾತು ಒಪ್ಪಿದೆ. ನಾಳೆಯಿಂದ ನಿಧಾನ ಮಾಡ್ತೀನಿ.

ಹೆಜ್ಜೆಲೆಕ್ಕ · ಸೋಮವಾರ, ರಾತ್ರಿ 9:15

ಸಿಕ್ಕಿತು ನೋಡಿ. 168 ಹೆಜ್ಜೆಯನ್ನ 30 ಉಸಿರಿಗೆ ಹಂಚಿದ್ರೆ ಒಂದು ಉಸಿರಿಗೆ 5.6 ಹೆಜ್ಜೆ. ನೀವು ಕಲಿಯೋಕೆ ಹೊರಟಿರೋ ಮೂರು–ಎರಡರ ಲೆಕ್ಕಕ್ಕೆ ಬೇಕಿರೋದು ಸರಿಯಾಗಿ 5 ಹೆಜ್ಜೆ. ಪ್ರತಿ ಉಸಿರಿಗೂ 0.6 ಹೆಜ್ಜೆ ಹೆಚ್ಚಾಗಿ ಉಳ್ಕೊಳ್ಳುತ್ತೆ. ಮೊದಲನೇ ಉಸಿರು ಪಾದ ನೆಲ ಮುಟ್ಟಿದಾಗ ಶುರುವಾದ್ರೆ ಎರಡನೇದು ಎರಡು ಹೆಜ್ಜೆಗಳ ನಡುವೆ ಎಲ್ಲೋ ಶುರುವಾಗುತ್ತೆ. ಐದು ಉಸಿರಾದ ಮೇಲೆ 28 ಹೆಜ್ಜೆ ಆಗಿ ಮತ್ತೆ ಎರಡೂ ಒಂದೇ ಕಡೆ ಬಂದು ನಿಲ್ಲುತ್ತೆ. 28 ಹೆಜ್ಜೆ ಅಂದ್ರೆ ನಿಮಗೆ 10 ಸೆಕೆಂಡ್. "ಮತ್ತೆ ಬರುತ್ತೆ, ಮತ್ತೆ ಹೋಗುತ್ತೆ" ಅಂದ್ರಲ್ಲ, ಅದು ಭ್ರಮೆ ಅಲ್ಲ. ಪ್ರತಿ 10 ಸೆಕೆಂಡಿಗೊಮ್ಮೆ ನಿಜವಾಗ್ಲೂ ಬರ್ತಿತ್ತು, ಹೋಗ್ತಿತ್ತು.

ನೀವು ಇಟ್ಟ 30 ಅನ್ನೋದು ಅತ್ತ ಮೂರು–ಮೂರೂ ಅಲ್ಲ, ಇತ್ತ ಮೂರು–ಎರಡೂ ಅಲ್ಲ. ನಿಮ್ಮ ಹೆಜ್ಜೆಗೆ ಮೂರು–ಮೂರು ಅಂದ್ರೆ 28 ಉಸಿರು. ಮೂರು–ಎರಡು ಅಂದ್ರೆ 33.6. ಈ ಆ್ಯಪ್‌ಗಳು ಕೂತಲ್ಲೇ ಕೂತು ಮನಸ್ಸು ತಣ್ಣಗೆ ಮಾಡ್ಕೊಳ್ಳೋರಿಗೆ ಮಾಡಿದ್ದು, ಅವುಗಳಿಗೆ ಕಾಲು ಅಂತ ಒಂದಿದೆ ಅನ್ನೋದೇ ಗೊತ್ತಿಲ್ಲ.

ಪರಿಹಾರ ಸುಲಭ. ಸದ್ದನ್ನ ಉಸಿರಿಗೆ ಕೊಡಬೇಡಿ, ಕಾಲಿಗೆ ಕೊಡಿ. ಮಾಮೂಲಿ ಮೆಟ್ರೊನೋಮ್ (ಒಂದೇ ಅಂತರದಲ್ಲಿ ಟಕ್ ಟಕ್ ಅಂತ ತಾಳ ಬಡಿಯೋದು) ಆ್ಯಪ್ ತಗೊಂಡು ನಿಮಿಷಕ್ಕೆ 168ಕ್ಕೆ ಇಡಿ, ಐದು ಬಡಿತಕ್ಕೆ ಒಂದು ಸುತ್ತು ಅಂತ ಹೇಳಿ, ಮೊದಲ ಬಡಿತ ಮಾತ್ರ ದಪ್ಪಗೆ ಕೇಳೋ ಹಾಗೆ ಮಾಡಿ. ಟಣ್ ಟಕ್ ಟಕ್ ಟಕ್ ಟಕ್. ಟಣ್ ಬಂದಾಗ ಉಸಿರು ಎಳ್ಕೊಳ್ಳೋಕೆ ಶುರು. ನಿಮಿಷಕ್ಕೆ ಎಷ್ಟು ಉಸಿರು ಅನ್ನೋ ಲೆಕ್ಕವನ್ನ ಆಮೇಲೆ ಕಾಲೇ ನೋಡ್ಕೊಳ್ಳುತ್ತೆ.

ಹಳೇ ಆ್ಯಪನ್ನೇ ಬಳಸ್ತೀನಿ ಅಂತ ಹಟ ಇದ್ರೆ 34ಕ್ಕೆ ಇಟ್ಟು ಹೆಜ್ಜೇನ 170ಕ್ಕೆ ತನ್ನಿ. ಆದ್ರೆ ಏರಲ್ಲಿ ಕೈ ಕೊಡುತ್ತೆ.

ಗ್ರಂಥಾಲಯದ ಹಿಂಬಾಗಿಲು · ಮಂಗಳವಾರ, ಬೆಳಿಗ್ಗೆ 6:02

ಲೆಕ್ಕ ಚೆನ್ನಾಗಿದೆ. ಇದರ ಹಿಂದೆ ಒಂದು ಸೊಗಸಾದ ಸಂಗತಿ ಇದೆ, ಹೇಳದೆ ಇರೋಕಾಗಲ್ಲ.

1983ರಲ್ಲಿ ಡೆನಿಸ್ ಬ್ರ್ಯಾಂಬಲ್, ಡೇವಿಡ್ ಕ್ಯಾರಿಯರ್ ಅನ್ನೋ ಇಬ್ಬರು ಅಮೆರಿಕದ ಜೀವವಿಜ್ಞಾನಿಗಳು 'ಸೈನ್ಸ್' ಪತ್ರಿಕೇಲಿ ಪ್ರಾಣಿಗಳ ಓಟ ಮತ್ತು ಉಸಿರಿನ ಬಗ್ಗೆ ಬರೆದ್ರು. ನಾಲ್ಕು ಕಾಲಿನ ಪ್ರಾಣಿ ನಾಗಾಲೋಟಕ್ಕೆ ಬಿದ್ದ ಮೇಲೆ ಒಂದು ನೆಗೆತಕ್ಕೆ ಒಂದೇ ಉಸಿರು. ಕುದುರೆಗೆ ಬೇರೆ ಆಯ್ಕೆ ಇಲ್ಲ. ಮುಂಗಾಲು ನೆಲಕ್ಕೆ ಬಡಿದಾಗ ಭಾರವೆಲ್ಲ ಎದೆಗೂಡಿನ ಮೇಲೆ ಬೀಳುತ್ತೆ, ಹೊಟ್ಟೆಯೊಳಗಿನ ಅಂಗಾಂಗ ಹಿಂದಕ್ಕೂ ಮುಂದಕ್ಕೂ ತೂಗುತ್ತೆ. ತಿದಿ ಒತ್ತಿದ ಹಾಗೆ ಓಟವೇ ಉಸಿರನ್ನ ಹೊರಗೆ ತಳ್ಳುತ್ತೆ.

ಮನುಷ್ಯ ಎದ್ದು ನಿಂತ. ಎದೆಗೂಡಿಗೆ ಮುಂಗಾಲಿನ ಹೊರೆ ತಪ್ಪಿತು. ಹಾಗಾಗಿ ನಮಗೆ 4:1, 3:1, 2:1, 1:1, ಜೊತೆಗೆ 5:2, 3:2 ಹೀಗೆ ಹಲವು ಜೋಡಣೆ ಸಾಧ್ಯ. ಹೆಚ್ಚಾಗಿ ಕಾಣಿಸೋದು 2:1. ಒಂದು ಎಚ್ಚರಿಕೆ: ಅಲ್ಲಿ ಲೆಕ್ಕ ಹಿಡಿದಿರೋದು ಎಡ–ಬಲ ಎರಡೂ ಸೇರಿದ ಜೋಡಿ ಹೆಜ್ಜೆ. 2:1 ಅಂದ್ರೆ ನಾಲ್ಕು ಹೆಜ್ಜೆಗೆ ಒಂದು ಉಸಿರು, ಅಂದ್ರೆ ನಾವು ಇಲ್ಲಿ ಹೇಳೋ ಎರಡು–ಎರಡು. ಇದು ಗೊತ್ತಿಲ್ಲದೆ 2:1 ಅಂದ್ರೆ ಎರಡು ಹೆಜ್ಜೆ ಒಳಗೆ ಒಂದು ಹೆಜ್ಜೆ ಹೊರಗೆ ಅಂತ ಓದ್ಕೊಂಡು ಹೋಗಿ ತಲೆ ತಿರುಗಿಸ್ಕೊಂಡೋರಲ್ಲಿ ನಾನೂ ಒಬ್ಬ.

ಆ ಇಬ್ಬರೂ ಇದ್ದ ಇನ್ನೊಂದು ಅಧ್ಯಯನ 2013ರಲ್ಲಿ ಬಂತು. ಪಾದ ನೆಲಕ್ಕೆ ಬಡಿದಾಗಿನ ಧಕ್ಕೆ ಮನುಷ್ಯರಲ್ಲೂ ಗಾಳಿಯ ಹರಿವನ್ನ ಮುಟ್ಟುತ್ತೆ ಅಂತ ಅದರಲ್ಲಿ ತೋರಿಸಿದ್ರು. ಅಂದ್ರೆ ಹೆಜ್ಜೆ–ಉಸಿರಿನ ನಂಟು ಬರೀ ಕೋಚ್‌ಗಳ ಕಟ್ಟುಕತೆ ಅಲ್ಲ. ಆದ್ರೆ ಹಳೇ ಶೂ ಅವರ ಮಾತೂ ನಿಜವೇ. ಅನುಭವಿ ಓಟಗಾರರಲ್ಲಿ ಈ ಜೋಡಣೆ ಯಾರೂ ಹೇಳ್ಕೊಡದೆ ತಾನಾಗೇ ಕೂತಿರುತ್ತೆ. ಅವರು ಇಪ್ಪತ್ತೆರಡು ವರ್ಷದಿಂದ ಎರಡು–ಎರಡು ಓಡ್ತಿರಬಹುದು, ಅವರಿಗೇ ಗೊತ್ತಿಲ್ಲ.

ಹಳೇ ಶೂ · ಮಂಗಳವಾರ, ಬೆಳಿಗ್ಗೆ 9:30

ಇವತ್ತು ಬೇಕಂತಲೇ ಎಣಿಸಿದೆ. ಎರಡು–ಎರಡು. ಏನ್ ಹೇಳ್ಲಿ.

ಹೆಜ್ಜೆಲೆಕ್ಕ · ಮಂಗಳವಾರ, ಬೆಳಿಗ್ಗೆ 9:41

😀 ಸ್ಕ್ರೀನ್‌ಶಾಟ್ ತೆಗ್ದು ಇಟ್ಕೊಂಡಿದೀನಿ.

ಫಿಸಿಯೊ ಡ್ಯೂಟಿ · ಮಂಗಳವಾರ, ಮಧ್ಯಾಹ್ನ 2:20

ನಾನು ಫಿಸಿಯೊಥೆರಪಿಸ್ಟ್. ಊಟದ ಬಿಡುವಲ್ಲಿ ಬರೀತಿದೀನಿ, ತಪ್ಪಿದ್ರೆ ಕ್ಷಮಿಸಿ.

ನಿಧಾನಿ ಅವರೇ, ಎದೆ ಬಿಗಿದ ಹಾಗಾಯ್ತು ಅಂದ್ರಲ್ಲ, ಅದಕ್ಕೆ ಮೊದಲು ಬರ್ತೀನಿ. ಸದ್ದಿಗೋಸ್ಕರ ಉಸಿರನ್ನ ತಡೆದು ಹಿಡಿದಾಗ ಹೀಗಾಗೋದು ಸಾಮಾನ್ಯ. ಉಸಿರು ಬೇಕು ಬೇಕು ಅನ್ನಿಸೋದು ಮುಖ್ಯವಾಗಿ ಆಮ್ಲಜನಕದ ಕೊರತೆಯಿಂದ ಅಲ್ಲ, ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರೋದ್ರಿಂದ. ಸ್ನಾಯು ಜೋರಾಗಿ ಕೆಲಸ ಮಾಡ್ತಿರೋವಾಗ ಬೀಪ್ ಇನ್ನೂ ಬಂದಿಲ್ಲ ಅಂತ ನೀವು ಕಾದ್ರೆ ಅದು ಏರುತ್ತೆ, ಮಿದುಳು ಗಾಬರಿ ಬೀಳುತ್ತೆ, ಕುತ್ತಿಗೆ–ಭುಜದ ಸ್ನಾಯು ಎಳೆಯೋಕೆ ಶುರು ಮಾಡುತ್ತೆ. ಬಿಗಿತ ಅನ್ನಿಸೋದು ಅಲ್ಲಿ.

ಆದ್ರೆ ಓಟ ನಿಲ್ಲಿಸಿದ ಮೇಲೂ ಬಿಗಿತ ಹೋಗದಿದ್ರೆ, ಉಸಿರು ಬಿಡುವಾಗ ಸಿಳ್ಳೆ ಹೊಡೆದಂಗೆ ಕೇಳಿಸಿದ್ರೆ, ಅಥವಾ ಎಳ್ಕೊಳ್ಳುವಾಗ ಗಂಟಲಲ್ಲಿ ಗೊರಗೊರ ಅಂದ್ರೆ ಬೀಪ್–ಗೀಪ್ ಎಲ್ಲ ಪಕ್ಕಕ್ಕಿಟ್ಟು ಡಾಕ್ಟರ್ ಹತ್ರ ಹೋಗಿ. ಓಡುವಾಗ ಮಾತ್ರ ಕಾಣಿಸ್ಕೊಳ್ಳೋ ಆಸ್ತಮಾ ಇರುತ್ತೆ, ಧ್ವನಿಪೆಟ್ಟಿಗೆ ಕಿರಿದಾಗೋ ತೊಂದ್ರೆಯೂ ಇರುತ್ತೆ. ಎರಡಕ್ಕೂ ತಾಳ ಔಷಧಿ ಅಲ್ಲ. ಎದೆನೋವು, ತಲೆಸುತ್ತು ಬಂದ್ರಂತೂ ನಾಳೆ ನೋಡೋಣ ಅನ್ನಬೇಡಿ.

ಇನ್ನು ಉಸಿರು ಯಾಕೆ ಆಳ ಇರಬೇಕು ಅನ್ನೋದು. ಪ್ರತಿ ಉಸಿರಲ್ಲೂ ಸುಮಾರು 150 ಮಿಲಿಲೀಟರ್ ಗಾಳಿ ಮೂಗು, ಗಂಟಲು, ಶ್ವಾಸನಾಳದಲ್ಲೇ ಉಳಿದು ವಾಪಸ್ ಬರುತ್ತೆ, ಕೆಲಸಕ್ಕೆ ಬರಲ್ಲ. ನಿಮಿಷಕ್ಕೆ 30 ಲೀಟರ್ ಬೇಕು ಅನ್ಕೊಳ್ಳಿ. ಒಂದೊಂದು ಲೀಟರಿನ 30 ಉಸಿರು ತಗೊಂಡ್ರೆ ವ್ಯರ್ಥ 4.5 ಲೀಟರ್. ಅರ್ಧರ್ಧ ಲೀಟರಿನ 60 ಉಸಿರು ತಗೊಂಡ್ರೆ ವ್ಯರ್ಥ 9 ಲೀಟರ್. ಅಷ್ಟೇ ಗಾಳಿ ಎಳೆದಿರ್ತೀರಿ, ಸಿಕ್ಕಿದ್ದು ಮಾತ್ರ ಕಡಿಮೆ. ಏದುಸಿರಿನ ಕತೆ ಇದೇ. ಹಾಗಂತ ತೀರಾ ನಿಧಾನ, ತೀರಾ ಆಳ ಮಾಡಿದ್ರೆ ಎದೆಗೂಡು ಹಿಗ್ಗಿಸೋದಕ್ಕೇ ಶ್ರಮ ಹೋಗುತ್ತೆ. ಎಲ್ಲಿ ಹಗುರ ಅನ್ನಿಸುತ್ತೋ ಅಲ್ಲಿ ನಿಲ್ಲಬೇಕು.

ಹೆಜ್ಜೆಲೆಕ್ಕ ಅವರು ಸದ್ದನ್ನ ಕಾಲಿಗೆ ಕೊಡಿ ಅಂದಿದ್ದು ನನಗೆ ಬಹಳ ಇಷ್ಟ ಆಯ್ತು. ಪಾರ್ಕಿನ್ಸನ್ ಇರೋರು, ಪಾರ್ಶ್ವವಾಯು ಆಗಿ ಚೇತರಿಸ್ಕೊಳ್ತಿರೋರು, ಇವರ ನಡಿಗೆಗೆ ತಾಳದ ಸದ್ದು ಕೊಡೋದು ನಮ್ಮಲ್ಲಿ ಹೊಸದಲ್ಲ. ಮೈಕೆಲ್ ಥಾಟ್ ಅನ್ನೋರು 1990ರ ದಶಕದಿಂದ ಅದರ ಮೇಲೆ ಕೆಲಸ ಮಾಡಿದಾರೆ. ಕಿವಿಗೂ ಕಾಲಿಗೂ ನೇರ ದಾರಿ ಇರೋ ಹಾಗೆ ಕಾಲು ತಾಳವನ್ನ ಹಿಡಿದುಬಿಡುತ್ತೆ. ಉಸಿರು ಹಾಗಲ್ಲ, ಅದಕ್ಕೆ ತನ್ನದೇ ಯಜಮಾನ ಇದಾನೆ. ಯಜಮಾನನ ಜೊತೆ ಜಗಳಕ್ಕೆ ಹೋಗಬಾರದು.

ನನ್ನ ಅನುಭವದ ಇನ್ನೊಂದು ಮಾತು. ದಪ್ಪ ಬಡಿತವನ್ನ ಎಳ್ಕೊಳ್ಳೋದಕ್ಕಿಂತ ಬಿಡೋದಕ್ಕೆ ಇಡಿ. ಬಿಡೋದು ಪೂರ್ತಿ ಆದ್ರೆ ಎಳ್ಕೊಳ್ಳೋದು ತಾನಾಗೇ ಆಗುತ್ತೆ. ಏದುಸಿರು ಅನ್ನೋರಲ್ಲಿ ಹೆಚ್ಚಿನವರು ಬಿಡೋದನ್ನ ಅರ್ಧಕ್ಕೇ ನಿಲ್ಲಿಸಿ ಮತ್ತೆ ಎಳೀತಿರ್ತಾರೆ. ತುಂಬಿದ ಕೊಡಕ್ಕೆ ನೀರು ಸುರಿದ ಹಾಗೆ.

ನಿಧಾನಿ · ಮಂಗಳವಾರ, ರಾತ್ರಿ 8:10

ಮೇಡಂ, ತುಂಬಾ ಥ್ಯಾಂಕ್ಸ್. ನಿಲ್ಲಿಸಿದ ಎರಡು ನಿಮಿಷಕ್ಕೆ ಬಿಗಿತ ಹೋಗ್ತಿತ್ತು, ಸಿಳ್ಳೆ–ಗಿಳ್ಳೆ ಇಲ್ಲ. ಆದ್ರೂ ತಪಾಸಣೆ ಮಾಡಿಸ್ತೀನಿ, ಹೇಗೂ ಒಂದು ಬಾಕಿ ಇದೆ.

ಮೆಟ್ರೊನೋಮ್ ಇವತ್ತು ಹಾಕ್ಕೊಂಡು ಹೋಗಿದ್ದೆ. ಕಾಲು ಸರಿಯಾಗಿ ಸಿಕ್ತು, ಅದು ನಿಜ. ಆದ್ರೆ ಟಕ್ ಟಕ್ ಟಕ್ ಟಕ್ ನಲವತ್ತು ನಿಮಿಷ ತಲೆಯೊಳಗೆ ಮೊಳೆ ಹೊಡೆದ ಹಾಗಾಯ್ತು. ಎರಡು ಸಲ ಯಾವುದು ಟಣ್ ಯಾವುದು ಟಕ್ ಅಂತಲೇ ಮರೆತೋಯ್ತು.

ಖಂಡನಡೆ · ಮಂಗಳವಾರ, ರಾತ್ರಿ 10:48

ಇಲ್ಲಿವರೆಗೂ ಸುಮ್ಮನೆ ಓದ್ತಿದ್ದೆ, ಇನ್ನು ಆಗಲ್ಲ 🙂 ಮೃದಂಗ ಕಲಿತವನು ನಾನು. ಮೂರು–ಎರಡು ಅಂತ ನೀವೆಲ್ಲ ಇಷ್ಟು ಕಷ್ಟಪಡ್ತಿರೋದು ನಮ್ಮ ಪಾಠದ ಖಂಡ, ಅಂದ್ರೆ ಐದರ ಎಣಿಕೆ, ಅಷ್ಟೇ. ಐದಕ್ಕೆ "ತಕ ತಕಿಟ" ಅಂತ ಹೇಳೋದು ರೂಢಿ, ಎರಡು ಆಮೇಲೆ ಮೂರು. ತಿರುಗಿಸಿ ಹೇಳಿ: ತಕಿಟ ತಕ. ತಕಿಟ ಅಂದ್ರೆ ಒಳಗೆ, ತಕ ಅಂದ್ರೆ ಹೊರಗೆ. ಎಣಿಸೋ ಕೆಲಸವೇ ಇಲ್ಲ, ಅಕ್ಷರವೇ ಎಣಿಸ್ಕೊಳ್ಳುತ್ತೆ.

ಒಂದು, ಎರಡು, ಮೂರು ಅಂತ ಅಂಕಿ ಹೇಳ್ತಾ ಓಡಿದ್ರೆ ಮೂರನೇ ನಿಮಿಷಕ್ಕೆ ತಪ್ಪೋದು ಯಾಕೆ ಗೊತ್ತಾ? "ಎರಡು" ಅನ್ನೋದೇ ಮೂರು ಅಕ್ಷರ. ಒಂದು ಹೆಜ್ಜೆ ಜಾಗದಲ್ಲಿ ಅದನ್ನ ಗುಡುಗುಡು ಅಂತ ಹೇಳಬೇಕು. ತ, ಕಿ, ಟ ಹಾಗಲ್ಲ, ಒಂದು ಹೆಜ್ಜೆಗೆ ಒಂದೇ ಅಕ್ಷರ.

ನಾನು ಮಾಡ್ಕೊಂಡಿರೋದು ಇಷ್ಟು. ಫೋನಲ್ಲಿ ಮೆಟ್ರೊನೋಮ್ ಹಚ್ಚಿ, ಅದನ್ನ ಕಿವೀಲಿ ಕೇಳ್ತಾ, ನನ್ನದೇ ಧ್ವನೀಲಿ ತಕಿಟ ತಕ ಅಂತ ಎರಡು ನಿಮಿಷ ಹೇಳಿ ರೆಕಾರ್ಡ್ ಮಾಡ್ದೆ. ತಕಿಟ ಮೇಲಿನ ಸ್ಥಾಯಿಯಲ್ಲಿ, ತಕ ಕೆಳಗಿನದ್ರಲ್ಲಿ. ಫೋನು ಅದನ್ನೇ ಸುತ್ತಿ ಸುತ್ತಿ ನುಡಿಸುತ್ತೆ. ಜೋಡಣೆಯ ಜಾಗ ಸರಿಯಾಗಿ ಕತ್ತರಿಸೋದು ಮಾತ್ರ ಮುಖ್ಯ, ಕೂದಲೆಳೆ ತಪ್ಪಿದ್ರೂ ಎರಡು ನಿಮಿಷಕ್ಕೊಮ್ಮೆ ಎಡವಿ ಬೀಳೋ ಹಾಗಾಗುತ್ತೆ. ಮೊದಲ ಸಲ ನನಗೆ ಹಾಗೇ ಆಯ್ತು, ಅರ್ಧ ಅಕ್ಷರ ಹೆಚ್ಚಿಗೆ ಉಳಿದಿತ್ತು.

ಬೆಸಸಂಖ್ಯೆಯ ಇನ್ನೊಂದು ಚಂದ ಏನಂದ್ರೆ, ಒಂದು ಸುತ್ತಿನ "ತ" ಬಲಗಾಲಿಗೆ ಬಿದ್ರೆ ಮುಂದಿನ ಸುತ್ತಿಂದು ಎಡಗಾಲಿಗೆ.

ಗ್ರಂಥಾಲಯದ ಹಿಂಬಾಗಿಲು · ಬುಧವಾರ, ಬೆಳಿಗ್ಗೆ 5:55

ಆ ಕೊನೇ ಸಾಲನ್ನೇ ಹಿಡ್ಕೊಂಡು, ಉಸಿರು ಬಿಡೋಕೆ ಶುರುವಾಗೋ ಹೊತ್ತಲ್ಲಿ ನಡು ಸಡಿಲ ಇರುತ್ತೆ, ಅದು ಯಾವಾಗಲೂ ಒಂದೇ ಕಾಲಿಗೆ ಬಿದ್ರೆ ಆ ಕಡೆ ಪೆಟ್ಟು ಹೆಚ್ಚು, ಅದಕ್ಕೇ ಮೂರು–ಎರಡು ಓಡಿದ್ರೆ ಗಾಯ ಆಗಲ್ಲ ಅಂತ ಹೇಳೋರಿದಾರೆ. ವಾದ ಕೇಳೋಕೆ ಚೆನ್ನಾಗಿದೆ. ಎರಡು–ಎರಡು ಓಡ್ತಾ ಇಪ್ಪತ್ತೆರಡು ವರ್ಷ ಕಳೆದವರು ಇಲ್ಲೇ ಇದಾರೆ, ಅವರ ಮೊಣಕಾಲು ಕೇಳಿ. ನಾನಂತೂ ಮೂರು–ಎರಡನ್ನ ಹಗುರ ಅನ್ನಿಸುತ್ತೆ ಅಂತ ಬಳಸ್ತೀನಿ, ಗಾಯದ ಇನ್ಶೂರೆನ್ಸ್ ಅಂತ ಅಲ್ಲ.

ವೈರ್‌ಲೆಸ್ ಅಕ್ಕ · ಬುಧವಾರ, ಬೆಳಿಗ್ಗೆ 8:20

ಆಡಿಯೊ ಸಾಫ್ಟ್‌ವೇರ್ ನನ್ನ ಹೊಟ್ಟೆಪಾಡು, ಹಾಗಾಗಿ ಒಂದೆರಡು ಮಾತು.

ಬ್ಲೂಟೂತ್ ಇಯರ್‌ಫೋನ್‌ನಲ್ಲಿ ಸದ್ದು ಹೊರಟು ಕಿವಿ ತಲುಪೋಕೆ ಒಂದೆರಡು ನೂರು ಮಿಲಿಸೆಕೆಂಡ್ ತಡ ಆಗೋದು ಸಾಮಾನ್ಯ. 168 ಹೆಜ್ಜೆಗೆ ಒಂದು ಹೆಜ್ಜೆ ಅಂದ್ರೆ 357 ಮಿಲಿಸೆಕೆಂಡ್. ಅಂದ್ರೆ ತಡವೇ ಅರ್ಧ ಹೆಜ್ಜೆ ಆಗಬಹುದು. ಮೆಟ್ರೊನೋಮಿಗೆ ಇದರಿಂದ ಏನೂ ತೊಂದ್ರೆ ಇಲ್ಲ, ಎಲ್ಲ ಬಡಿತವೂ ಅಷ್ಟೇ ತಡ, ನಡುವಿನ ಅಂತರ ಅದೇ. ತೊಂದ್ರೆ ಬರೋದು ನಿಮ್ಮ ಹೆಜ್ಜೆಯನ್ನ ಸೆನ್ಸರ್‌ನಲ್ಲಿ ಹಿಡಿದು, ಅದಕ್ಕೆ ಸದ್ದು ಕೊಡ್ತೀವಿ ಅನ್ನೋ ಆ್ಯಪ್‌ಗಳಲ್ಲಿ. ಕಾಲು ಬಿತ್ತು, ಫೋನು ಗುರುತಿಸಿತು, ಸದ್ದು ಕಳಿಸಿತು, ಕಿವಿಗೆ ಬರೋಷ್ಟರಲ್ಲಿ ಪಾದ ಮೇಲೆದ್ದಾಗಿದೆ. ಒಳ್ಳೆ ಆ್ಯಪ್ ಮುಂದಿನ ಹೆಜ್ಜೆಯನ್ನ ಮೊದಲೇ ಊಹಿಸಿ ಸದ್ದು ಕಳಿಸುತ್ತೆ. ಕೆಟ್ಟದ್ದು ಹಿಂದೆ ಬಿದ್ದು ಓಡುತ್ತೆ. ನಿಮಗೆ ಯಾವುದೋ ಒಂದು ಆ್ಯಪ್ ಕಾರಣವಿಲ್ಲದೆ ಕಿರಿಕಿರಿ ಅನ್ನಿಸಿದ್ರೆ ತಂತಿ ಇರೋ ಇಯರ್‌ಫೋನ್ ಹಾಕಿ ನೋಡಿ, ಅಪರಾಧಿ ಸಿಕ್ಕಬಹುದು.

ಸದ್ದಿನ ಜಾತಿ ಬಗ್ಗೆ. ಕಾಲಿಗೆ ಚುಟುಕಾದ, ಅಂಚು ಚೂಪಾಗಿರೋ ಸದ್ದು ಬೇಕು, ಟಕ್ ಅನ್ನೋ ಥರ. ಉಸಿರಿಗೆ ಬೇಕಿರೋದು ಉದ್ದನೆಯ, ಮೆಲ್ಲಗೆ ಏರಿ ಇಳಿಯೋ ಸದ್ದು. ಉಸಿರು ಒಂದು ಕ್ಷಣದ ಘಟನೆ ಅಲ್ಲವಲ್ಲ, ಅದಕ್ಕೆ ಉದ್ದ ಇದೆ. ನಾನು ಎರಡನ್ನೂ ಸೇರಿಸ್ತೀನಿ: ಕೆಳಗೆ ಸಣ್ಣಗೆ ಟಕ್ ಟಕ್, ಮೇಲೆ ತಂಬೂರಿ ಥರ ಒಂದು ಗುಂಯ್. ಗುಂಯ್ ಇದ್ದಷ್ಟು ಹೊತ್ತು ಬಿಡೋದು, ಇಲ್ಲದಾಗ ಎಳ್ಕೊಳ್ಳೋದು. ಮೌನವೂ ಒಂದು ಸೂಚನೆಯೇ. ನಿಧಾನಿಗೆ ತಲೆಗೆ ಮೊಳೆ ಹೊಡೆದ ಹಾಗಾಯ್ತಲ್ಲ, ಟಕ್ ಸದ್ದಿನ ವಾಲ್ಯೂಮ್ ಅರ್ಧಕ್ಕಿಂತ ಕೆಳಗಿಳಿಸಿ, ಇದೆಯೋ ಇಲ್ಲವೋ ಅನ್ನೋಷ್ಟು.

ಮತ್ತೆ, ದಯವಿಟ್ಟು ರಸ್ತೇಲಿ ಓಡೋರು ಕಿವಿ ಪೂರ್ತಿ ಮುಚ್ಚೋ ಇಯರ್‌ಬಡ್ ಬೇಡ. ಒಂದೇ ಕಿವಿಗೆ ಹಾಕಿ, ಇಲ್ಲಾ ಕೆನ್ನೆಮೂಳೆ ಮೇಲೆ ಕೂತು ಮೂಳೆ ಮೂಲಕ ಸದ್ದು ಕೇಳಿಸೋ ಬೋನ್ ಕಂಡಕ್ಷನ್ ಇಯರ್‌ಫೋನ್ ತಗೊಳ್ಳಿ. ಹಿಂದಿನಿಂದ ಬರೋ ಸೈಕಲ್ ಬೆಲ್ ಕೇಳದೆ ನಾನೊಮ್ಮೆ ಚರಂಡಿ ಪಕ್ಕ ಮೊಣಕೈ ಕೆತ್ತಿಸ್ಕೊಂಡಿದೀನಿ. ಗುಂಯ್ ಅನ್ನೋ ಸದ್ದಿಗೆ ತನ್ಮಯಳಾಗಿದ್ದೆ, ಬೈಸ್ಕೊಂಡಿದ್ದೂ ಸರಿಯಾಗಿ ಕೇಳಿಸ್ಲಿಲ್ಲ.

ಪ್ಲೇಲಿಸ್ಟ್ ಪಕ್ಷ · ಬುಧವಾರ, ಸಂಜೆ 5:33

ಹಾಡು ಹಾಕ್ಕೊಂಡು ಓಡಿ ಮಾರಾಯ್ರೆ, ಇಷ್ಟೆಲ್ಲ ಯಾಕೆ. 1998ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಹೈಲೆ ಗೆಬ್ರೆಸೆಲಾಸಿ 2000 ಮೀಟರ್ ಒಳಾಂಗಣ ವಿಶ್ವದಾಖಲೆ ಮುರಿದಾಗ ಸ್ಪೀಕರಿನಲ್ಲಿ ಅವರಿಗೆ ಹೊಂದೋ ವೇಗದ ಪಾಪ್ ಹಾಡೇ ಬರ್ತಿತ್ತು.

ಹೆಜ್ಜೆಲೆಕ್ಕ · ಬುಧವಾರ, ಸಂಜೆ 6:01

ಹಾಡು ಕಾಲಿಗೆ ಸರಿ. ಆದ್ರೆ ಹೆಚ್ಚಿನ ಹಾಡು ನಾಲ್ಕರ ತಾಳದಲ್ಲಿರುತ್ತೆ, ಹಾಗಾಗಿ ಎರಡು–ಎರಡಕ್ಕೆ ಹೊಂದುತ್ತೆ, ಮೂರು–ಎರಡಕ್ಕೆ ಒಗ್ಗಲ್ಲ. ಹಾಡಿನ ನಾಲ್ಕು, ಉಸಿರಿನ ಐದು, ಎರಡೂ ಸೇರೋದು 20 ಹೆಜ್ಜೆಗೊಮ್ಮೆ. ಗೆಬ್ರೆಸೆಲಾಸಿಗೆ ಅದು ತಲೆಬಿಸಿ ಅಲ್ಲ, ಅವರು ಉಸಿರು ಕಲಿಯೋಕೆ ಓಡ್ತಿರ್ಲಿಲ್ಲ.

ಇನ್ನೊಂದು, ಹಾಡಿನ ಪಟ್ಟಿ ಹುಡುಕೋಕೆ ಹೋದ್ರೆ ಎಲ್ಲೆಲ್ಲೂ 180 ಅಂತ ಸಿಗುತ್ತೆ. ಜ್ಯಾಕ್ ಡೇನಿಯಲ್ಸ್ ಅನ್ನೋ ಕೋಚ್ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಓಟಗಾರರ ಹೆಜ್ಜೆ ಎಣಿಸಿದಾಗ ಬಹುತೇಕ ಎಲ್ಲರೂ 180 ಅಥವಾ ಮೇಲಿದ್ರು. ಅದು ಒಲಿಂಪಿಕ್ಸ್ ಸ್ಪರ್ಧೆಯ ವೇಗ. ನಿಧಾನಿ ಬೆಳಿಗ್ಗೆ ಆರಾಮಾಗಿ ಓಡೋಕೆ 168 ಇದ್ರೆ 168. ಸದ್ದನ್ನ ನಿಮ್ಮ ಹೆಜ್ಜೆಗೆ ಹೊಂದಿಸಿ, ಹೆಜ್ಜೆಯನ್ನ ಸದ್ದಿಗಲ್ಲ.

ಹಳೇ ಶೂ · ಬುಧವಾರ, ರಾತ್ರಿ 7:45

ಟ್ರ್ಯಾಕ್ ಸ್ಪರ್ಧೆಗೆ ಹೋಗೋರಿದ್ರೆ ಒಂದು ಮಾತು. ವಿಶ್ವ ಅಥ್ಲೆಟಿಕ್ಸ್ ನಿಯಮದ ಪ್ರಕಾರ ಸ್ಪರ್ಧೆಯ ಜಾಗದಲ್ಲಿ ಮ್ಯೂಸಿಕ್ ಪ್ಲೇಯರ್, ಫೋನು ಇತ್ಯಾದಿ ಹೊರಗಿನ ನೆರವು ಅಂತ ಲೆಕ್ಕ. ಅಭ್ಯಾಸವನ್ನೆಲ್ಲ ಬೀಪಿನ ಮೇಲೆ ಕಟ್ಟಿ, ಸ್ಪರ್ಧೆ ದಿನ ಬೀಪ್ ಇಲ್ಲದೆ ನಿಂತ್ರೆ ಏನ್ ಮಾಡ್ತೀರಿ?

ಫಿಸಿಯೊ ಡ್ಯೂಟಿ · ಬುಧವಾರ, ರಾತ್ರಿ 9:02

ಈ ಪ್ರಶ್ನೆ ಸರಿಯಾಗಿದೆ ಸರ್. ನಾನು ಹೇಳೋದು ಹೀಗೆ. ಮೊದಲ ವಾರ ಹತ್ತು ನಿಮಿಷ ಸದ್ದು, ಆಮೇಲೆ ತೆಗೆದು ಹಾಗೇ ಓಡೋದು. ಆಮೇಲೆ ಎರಡು ನಿಮಿಷ ಸದ್ದು, ಎಂಟು ನಿಮಿಷ ಮೌನ, ಮತ್ತೆ ಎರಡು ನಿಮಿಷ ಸದ್ದು ಹಾಕಿ ಎಷ್ಟು ಜಾರಿದೀವಿ ಅಂತ ನೋಡೋದು. ಸದ್ದು ಊರುಗೋಲಲ್ಲ, ಅಳತೆಪಟ್ಟಿ. ಎಷ್ಟು ಬೇಕೋ ಅಷ್ಟು ಹೊತ್ತು ಇಟ್ಟು ಎತ್ತಿಡಬೇಕು.

ಲೆಕ್ಕವನ್ನೂ ಒಂದಕ್ಕೇ ಅಂಟಿಸಬೇಡಿ. ಸಮತಟ್ಟಲ್ಲಿ ಆರಾಮಾಗಿದ್ರೆ ಮೂರು–ಮೂರು ಅಥವಾ ಮೂರು–ಎರಡು, ಜೋರಾದ್ರೆ ಎರಡು–ಎರಡು, ಕೊನೇ ಓಟಕ್ಕೆ ಎರಡು–ಒಂದು. 168 ಹೆಜ್ಜೆಗೆ ಎರಡು–ಎರಡು ಅಂದ್ರೆ 42 ಉಸಿರು, ಎರಡು–ಒಂದು ಅಂದ್ರೆ 56. ಬೀಪು ಮೂರು–ಎರಡು ಅಂತಿದ್ದಾಗ ದೇಹ ಎರಡು–ಎರಡು ಕೇಳಿದ್ರೆ ದೇಹದ ಮಾತು ಕೇಳಿ.

ನಿಧಾನಿ · ಮುಂದಿನ ವಾರದ ಗುರುವಾರ, ಬೆಳಿಗ್ಗೆ 8:30

ಒಂದು ವಾರ ಆಯ್ತು, ವರದಿ ಒಪ್ಪಿಸ್ತೀನಿ.

ಖಂಡನಡೆ ಅವರ ಥರ ನನ್ನ ಧ್ವನೀಲೇ ರೆಕಾರ್ಡ್ ಮಾಡ್ದೆ. ಮೊದಲ ದಿನ ನನ್ನ ಧ್ವನಿ ಕೇಳಿ ನಗು ಬಂದು ಉಸಿರು ಪೂರ್ತಿ ಕೆಟ್ಟೋಯ್ತು. ಎರಡನೇ ದಿನಕ್ಕೆ ಅಭ್ಯಾಸ ಆಯ್ತು. ಮೇಡಂ ಹೇಳಿದ ಹಾಗೆ "ತಕ" ಜೋರಾಗಿ, "ತಕಿಟ" ಮೆತ್ತಗೆ ಮಾಡ್ದೆ. ಬಿಡೋದಕ್ಕೆ ಗಮನ ಕೊಟ್ಟ ಮೇಲೆ ಭುಜ ಇಳೀತು, ಅದು ಏರಿತ್ತು ಅಂತಲೇ ನನಗೆ ಗೊತ್ತಿರ್ಲಿಲ್ಲ. ಹಳೇ ಶೂ ಅಣ್ಣನ ಮಾತಿನ ಹಾಗೆ ಕಿಲೋಮೀಟರಿಗೆ ಮುಕ್ಕಾಲು ನಿಮಿಷ ನಿಧಾನ ಕೂಡ ಮಾಡ್ಕೊಂಡೆ. ಯಾವುದರಿಂದ ಎಷ್ಟು ಲಾಭ ಆಯ್ತು ಅಂತ ಬೇರ್ಪಡಿಸೋಕೆ ಆಗ್ತಿಲ್ಲ, ಆದ್ರೆ ನಾಲ್ಕನೇ ಕಿಲೋಮೀಟರಲ್ಲೂ ಬಾಯಿ ಬಿಟ್ಟಿರ್ಲಿಲ್ಲ.

ನಾನು ಓಡೋ ದಾರೀಲಿ ಒಂದು ಏರು ಇದೆ. ಅಲ್ಲಿ ಹೆಜ್ಜೆ ತಾನಾಗೇ ನಿಧಾನ ಆಗುತ್ತೆ, ರೆಕಾರ್ಡ್ ಮಾಡಿದ್ದು 168ರಲ್ಲೇ ಓಡುತ್ತೆ. ಎರಡು ದಿನ ಅದನ್ನ ಹಿಂಬಾಲಿಸೋಕೆ ಹೋಗಿ ಏರಿನ ತುದೀಲಿ ಕೈ ಮೊಣಕಾಲ ಮೇಲಿಟ್ಟು ನಿಂತೆ. ಈಗ ಏರು ಬಂತು ಅಂದ್ರೆ ಸದ್ದು ನಿಲ್ಲಿಸ್ತೀನಿ. ಎರಡು–ಎರಡು, ಅದೂ ತಪ್ಪಿದ್ರೆ ಹೇಗೋ ಒಂದು. ಇಳಿಜಾರು ಮುಗಿದ ಮೇಲೆ ಮತ್ತೆ ಹಚ್ಚೋದು.

ಇನ್ನು ನಿನ್ನೆ ಆಗಿದ್ದು ಹೇಳ್ಬೇಕು. ಇಯರ್‌ಫೋನ್ ಚಾರ್ಜ್ ಮಾಡೋಕೆ ಮರೆತು ಹಾಗೇ ಹೊರಟೆ. ಜೇಬಲ್ಲಿ ಬೀಗದ ಕೈ ಗೊಂಚಲು ಇತ್ತು, ದಿನಾ ಇರುತ್ತೆ, ಕಿವಿ ಮುಚ್ಚಿರೋದ್ರಿಂದ ಕೇಳಿರ್ಲಿಲ್ಲ. ಬಲಗಾಲು ಬಿದ್ದಾಗೆಲ್ಲ ಝಣ್ ಅನ್ನುತ್ತೆ. ಒಂದು ಉಸಿರಲ್ಲಿ ಮೂರು ಝಣ್, ಇನ್ನೊಂದರಲ್ಲಿ ಎರಡು. ಮೂರು, ಎರಡು, ಮೂರು, ಎರಡು. ಮೊದಲು ಲೆಕ್ಕ ತಪ್ತಿದೀನಿ ಅನ್ಕೊಂಡೆ. ಆಮೇಲೆ ಹೊಳೀತು, ಐದು ಹೆಜ್ಜೇಲಿ ಬಲಗಾಲು ಒಂದ್ಸಲ ಮೂರು ಸಲ ಬೀಳುತ್ತೆ, ಮುಂದಿನ ಸಲ ಎರಡು. ಉಸಿರು ಸರಿಯಾಗೇ ಇತ್ತು! ಜಲ್ಲಿ ಹಾಸಿದ ಜಾಗಕ್ಕೆ ಬಂದಾಗ ಶೂ ಸದ್ದೇ ಸಾಕಾಯ್ತು, ಝಣ್ ಕೂಡ ಬೇಡ ಅನ್ನಿಸ್ತು. ಗೊಂಚಲನ್ನ ಮುಷ್ಟೀಲಿ ಹಿಡ್ಕೊಂಡು ಓಡಿದೆ.

ವೈರ್‌ಲೆಸ್ ಅಕ್ಕ · ಗುರುವಾರ, ಬೆಳಿಗ್ಗೆ 8:52

ತಡವೇ ಇಲ್ಲದ ಸೆನ್ಸರ್ 👏 ಚಾರ್ಜೂ ಬೇಡ.

ಹಳೇ ಶೂ · ಗುರುವಾರ, ಬೆಳಿಗ್ಗೆ 9:10

ಭೇಷ್. ಈಗ ಕಿಲೋಮೀಟರಿಗೆ ಇನ್ನೂ ಹತ್ತು ಸೆಕೆಂಡ್ ನಿಧಾನ ಮಾಡಿ.

ಏರುಹಾದಿ · ಗುರುವಾರ, ರಾತ್ರಿ 9:48

ಹೊಸಬಳು, ಇವತ್ತೇ ಎಲ್ಲ ಓದಿದೆ. ಬಲಗಾಲು ಎಣಿಸಿದೆ, 22 ಬಂತು, ಅಂದ್ರೆ 176. ನನಗೆ ತಾಳಜ್ಞಾನ ಸೊನ್ನೆ, ರೆಕಾರ್ಡ್ ಮಾಡೋಕೆ ಕೂತ್ರೆ ತಕಿಟ ತಕ ಅನ್ನೋದು ಎಲ್ಲೋ ಹೋಗಿ ನಿಲ್ಲುತ್ತೆ. ಖಂಡನಡೆ ಸರ್, 176ಕ್ಕೆ ಒಂದು ಮಾಡಿ ಹಾಕ್ತೀರಾ? "ತಕ" ಜೋರಾಗಿರ್ಲಿ.

ಖಂಡನಡೆ · ಗುರುವಾರ, ರಾತ್ರಿ 10:20

ಹಾಕ್ತೀನಿ. ಮಗು ಈಗಷ್ಟೇ ಮಲಗಿದೆ, ಜೋರಾಗಿ ತಕ ಅಂದ್ರೆ ಮನೇಲಿ ನನ್ನ ತಾಳ ತಪ್ಪಿಸ್ತಾರೆ. ನಾಳೆ ಬೆಳಿಗ್ಗೆ.